ತಗಡಿನ ಶೆಡ್ಡಿನಲ್ಲಿ ಎಷ್ಟು ದಿನ?

ಗುಳೆ ಹೊರಟವರಿಗೆ, ನೌಕರಿ ಬದಲಿಸುವವರಿಗೆ, ಮಗನ ಮನೆಗೆಂದು ವಿದೇಶಕ್ಕೆ ಹಾರುವ ಅಪ್ಪ–ಅವ್ವನಿಗೆ ನಾಲ್ಕಾರು ತಿಂಗಳ ಆರೋಗ್ಯ ವಿಮೆ ಸಾಕೆ? ಮಲಪ್ರಭೆ ದಂಡೆಯ ಹೊಳೆಮಣ್ಣೂರಿನಲ್ಲಿ ನಿಂತು ಈ ಪ್ರಶ್ನೆ ಕೇಳಿದರೆ, ಉತ್ತರ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿದೆ!

ಕಡಲೆ ಕಿತ್ತು, ರಾಶಿ ಮುಗಿದು, ಹೊಟ್ಟು ಬಣವೆ ಸೇರಿದ ಮೇಲೆ ಯರಿ ಹೊಲ ಬಾಯಿ ಬಿಡುತ್ತದೆ. ಹಿಮ್ಮಡಿ ಇಳಿಯುವಷ್ಟು ಬಿರುಕು. ಮಳೆಗಾಲದಲ್ಲಿ ಊರನ್ನೇ ನುಂಗಲು ಬರುವ ಮಲಪ್ರಭೆ ಆ ಹೊತ್ತಿಗೆ ಅಲ್ಲಲ್ಲಿ ಮಡುಗಟ್ಟಿ ನಿಂತಿರುತ್ತಾಳೆ. ಹೊಲದಲ್ಲಿ ಕೆಲಸವಿಲ್ಲ, ಹೊಳೆಯಲ್ಲಿ ನೀರಿಲ್ಲ. ರೋಣ ತಾಲ್ಲೂಕಿನ ಹೊಳೆಸಾಲಿನ ಹಳ್ಳಿಗಳಲ್ಲಿ ಮನೆಯ ಮೂಲೆಯಲ್ಲಿದ್ದ ಚೀಲಗಳು ಹೊರಬರುವುದು ಆಗ.

ಒಂದು ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಇನ್ನೊಂದರಲ್ಲಿ ಕೌದಿ, ಎರಡು ಜೊತೆ ಬಟ್ಟೆ. ಗಂಡನ ಅಂಗಿಯ ಒಳಗೆ, ಎದೆಗೆ ಒತ್ತಿಕೊಂಡಂತೆ ಒಂದು ಪ್ಲಾಸ್ಟಿಕ್ ಕವರು. ಅದರಲ್ಲಿ ಆಧಾರ್, ರೇಷನ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ಆಯುಷ್ಮಾನ್ ಕಾರ್ಡು. ಕೆಲವರು ಹೊಳೆಆಲೂರಿನಲ್ಲಿ ರೈಲು ಹಿಡಿಯುತ್ತಾರೆ, ಕೆಲವರು ರೋಣಕ್ಕೆ ಹೋಗಿ ಬಸ್ಸು. ಗೋವಾ, ಮಂಗಳೂರು, ಉಡುಪಿ, ಬೆಂಗಳೂರು. ಗೌಂಡಿ ಕೆಲಸ, ಸೆಂಟ್ರಿಂಗ್ ಕೆಲಸ, ಸಿಕ್ಕ ಕೆಲಸ.

ಹೊಸ್ತಿಲಲ್ಲಿ ನಿಂತ ಅವ್ವ ಕೇಳುವುದು ಒಂದೇ ಮಾತು: “ಅಲ್ಲಿ ಜಡ್ಡಾದ್ರ ಯಾರಪ್ಪಾ ನೋಡೋರು?”

“ಕಾರ್ಡ್ ಐತಿ ಬಿಡಬೇ ಯವ್ವಾ” ಎನ್ನುತ್ತಾನೆ ಮಗ.

ಕಾರ್ಡು ಇರುವುದು ನಿಜ. ಅದು ಅಲ್ಲಿ ನಡೆಯುತ್ತದೆಯೇ, ಯಾವ ಜಡ್ಡಿಗೆ ನಡೆಯುತ್ತದೆ, ಯಾವ ತಾರೀಖಿನವರೆಗೆ? ಇದನ್ನು ಕೇಳದೆ ಹೊರಟವರು ಪರವೂರಿನ ದವಾಖಾನೆಯ ಕೌಂಟರಿನ ಮುಂದೆ ಉತ್ತರ ಕಲಿಯುತ್ತಾರೆ. ಅಲ್ಲಿ ಕಲಿಯುವ ಪಾಠಕ್ಕೆ ಫೀಸು ಹೆಚ್ಚು. ಮೊಬೈಲಿನಲ್ಲಿ ಮಾತ್ರ “ಮೂರು ತಿಂಗಳಿಗೆ ಇಷ್ಟೇ ರೊಕ್ಕ, ಇಡೀ ಮನೆಗೆ ರಕ್ಷಣೆ” ಎಂಬ ಸಂದೇಶಗಳು ಬರುತ್ತಲೇ ಇರುತ್ತವೆ. ಕೊಳ್ಳಬೇಕೋ, ಬಿಡಬೇಕೋ?

‘ತಾತ್ಕಾಲಿಕ’ ಎಂಬ ಮಾತು ಗೊತ್ತಿದ್ದ ಊರು

ತಾತ್ಕಾಲಿಕ ಎಂದರೇನು ಎಂದು ಹೊಳೆಸಾಲಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಉತ್ತರ ಕರ್ನಾಟಕವನ್ನು ಮುಳುಗಿಸಿದ ಮಳೆಗೆ ಮಲಪ್ರಭೆಯ ದಂಡೆಯ ಮಣ್ಣಿನ ಮನೆಗಳು ಕರಗಿ ಕೂತವು. ಹತ್ತು ವರ್ಷಕ್ಕೆ, 2019ರ ಆಗಸ್ಟ್‌ನಲ್ಲಿ, ನವಿಲುತೀರ್ಥ ಜಲಾಶಯದಿಂದ ಬಿಟ್ಟ ನೀರು ಮತ್ತೆ ಊರೊಳಗೆ ಬಂತು. ಮೊದಲ ಸಲದ ನೆರೆಯಲ್ಲಿ ಮನೆ ಕಳೆದುಕೊಂಡವರಿಗೆ ಸರ್ಕಾರ ತಗಡಿನ ಶೆಡ್ಡು ಹಾಕಿಕೊಟ್ಟಿತು. ಆಮೇಲೆ ‘ಆಸರೆ’ ಮನೆಗಳು ಬಂದವು.

ತಗಡಿನ ಶೆಡ್ಡು ಕೆಟ್ಟದ್ದೇ? ಅಲ್ಲ. ಮಳೆಯಲ್ಲಿ ಕೂಸು ಹಿಡಿದು ನಿಂತವಳಿಗೆ ಅದು ಅರಮನೆ. ಆದರೆ ಬೇಸಿಗೆಯಲ್ಲಿ ಅದರೊಳಗೆ ಕೂರಲಾಗದು, ಗಾಳಿ ಬಂದರೆ ತಗಡು ಹಾರುತ್ತದೆ. ಮುಂದೆ ಗಚ್ಚಿನ ಮನೆ ಬರುತ್ತದೆ ಎಂಬ ಖಾತರಿ ಇದ್ದಾಗ ಮಾತ್ರ ಶೆಡ್ಡಿಗೆ ಬೆಲೆ. ಆ ಖಾತರಿ ಇಲ್ಲದವರಿಗೆ ನಾಲ್ಕು ತಿಂಗಳ ಶೆಡ್ಡು ನಾಲ್ಕು ವರ್ಷದ ಬದುಕಾಗುತ್ತದೆ.

ಅಲ್ಪಾವಧಿಯ ಆರೋಗ್ಯ ವಿಮೆಯೂ ಹಾಗೆಯೇ. ಅದು ಎರಡು ಗಟ್ಟಿ ಆಸರೆಗಳ ನಡುವಿನ ಕಿರು ಸಂದು ಮುಚ್ಚುವ ತಗಡು. ಸಂದಿನ ಈ ತುದಿ, ಆ ತುದಿ ಎರಡೂ ಕಣ್ಣಿಗೆ ಕಾಣುತ್ತಿದ್ದರೆ ಕೊಳ್ಳಬಹುದು. ಆಚೆ ತುದಿ ಕಾಣದಿದ್ದರೆ ಅದು ಸಂದಲ್ಲ, ಹೊಳೆ.

105 ದಿನ, 285 ದಿನ

ನಮ್ಮ ದೇಶ ತಾತ್ಕಾಲಿಕ ಆರೋಗ್ಯ ವಿಮೆಯನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ್ದು ಕೊರೊನಾ ಕಾಲದಲ್ಲಿ. ವಿಮಾ ನಿಯಂತ್ರಣ ಪ್ರಾಧಿಕಾರದ ಸೂಚನೆಯಂತೆ 2020ರ ಜುಲೈ 10ರಿಂದ ‘ಕೊರೊನಾ ಕವಚ್’, ‘ಕೊರೊನಾ ರಕ್ಷಕ್’ ಪಾಲಿಸಿಗಳು ಮಾರಾಟಕ್ಕೆ ಬಂದವು. ಮೂರೂವರೆ, ಆರೂವರೆ, ಒಂಬತ್ತೂವರೆ ತಿಂಗಳು, ಅಂದರೆ 105, 195, 285 ದಿನ. ಕವಚ್‌ನಲ್ಲಿ 50 ಸಾವಿರದಿಂದ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ಖರ್ಚು. ರಕ್ಷಕ್‌ನಲ್ಲಿ 72 ತಾಸು ಆಸ್ಪತ್ರೆಯಲ್ಲಿ ಇರಬೇಕಾಗಿ ಬಂದರೆ ಇಡಿಗಂಟು. ಎರಡರಲ್ಲೂ ಮೊದಲ 15 ದಿನ ಏನೂ ಇಲ್ಲ.

ಒಂದು ರೋಗ, ಒಂದು ಕಾಲ, ಒಂದೇ ಕಂತು. ಕೇಳಲು ಎಷ್ಟು ಸರಳ!

ಈಗ ಕ್ಯಾಲೆಂಡರು ತೆಗೆಯಿರಿ. ಮೊದಲ ದಿನವೇ 105 ದಿನದ ಪಾಲಿಸಿ ಕೊಂಡವರ ರಕ್ಷಣೆ ಅಕ್ಟೋಬರ್‌ನಲ್ಲಿ ಮುಗಿಯಿತು. ಅತಿ ಉದ್ದದ 285 ದಿನದ ಪಾಲಿಸಿ ಕೊಂಡವರದ್ದು 2021ರ ಏಪ್ರಿಲ್ ಮೂರನೇ ವಾರ. ಎರಡನೇ ಅಲೆಗೆ ಕರ್ನಾಟಕ ಬಾಗಿಲು ಹಾಕಿಕೊಂಡದ್ದು ಏಪ್ರಿಲ್ 27ರಂದು. ಹಾಸಿಗೆಗೆ, ಆಮ್ಲಜನಕಕ್ಕೆ ಜನ ಬೀದಿ ಬೀದಿ ಅಲೆದದ್ದು ಅದರ ಮುಂದಿನ ವಾರಗಳಲ್ಲಿ. ಪಾಲಿಸಿಯನ್ನು ನವೀಕರಿಸಲು ಅವಕಾಶವಿತ್ತು. ತಾರೀಖು ನೆನಪಿಟ್ಟವರು ನವೀಕರಿಸಿಕೊಂಡರು. “ಕೊರೊನಾ ಹೋಯ್ತು” ಎಂದು ಸುಮ್ಮನಾದವರು ತಗಡು ಬಿಚ್ಚಿದ ಮೇಲೆ ಮಳೆಗೆ ಸಿಕ್ಕರು.

ಪಾಲಿಸಿಯಲ್ಲಿ ಮೋಸವಿರಲಿಲ್ಲ. ರೋಗ ನಮ್ಮ ಪಾಲಿಸಿಯ ಕೊನೆಯ ದಿನಾಂಕ ನೋಡಿಕೊಂಡು ಬರಲಿಲ್ಲ, ಅಷ್ಟೇ. ಆ ವರ್ಷದ ಸಂಕಟವನ್ನು ಮರೆಯಬಾರದು ಎಂಬುದು ನನ್ನ ಕಳಕಳಿ.

ಕಾಯುವ ದಿನಗಳ ಲೆಕ್ಕ

ಜಾಹೀರಾತಿನಲ್ಲಿ ಅಕ್ಷರ ದಪ್ಪಗಿರುವುದು ಕಂತಿನದ್ದು, ವಿಮಾ ಮೊತ್ತದ್ದು. ಸಣ್ಣ ಅಕ್ಷರದಲ್ಲಿ ಇರುವುದು ‘ಕಾಯುವ ಅವಧಿ’. ಅಲ್ಪಾವಧಿ ವಿಮೆಯ ಭವಿಷ್ಯ ಇರುವುದು ಈ ಎರಡು ಪದಗಳಲ್ಲಿ.

ಸಾಮಾನ್ಯ ಆರೋಗ್ಯ ಪಾಲಿಸಿಯಲ್ಲಿ ಮೊದಲ 30 ದಿನ ಯಾವ ಕಾಯಿಲೆಗೂ ಹಣವಿಲ್ಲ. ಅಪಘಾತಕ್ಕೆ ಮಾತ್ರ ಮೊದಲ ದಿನದಿಂದ ಉಂಟು. ಹರ್ನಿಯಾ, ಕಣ್ಣಿನ ಪೊರೆ, ಮೂಲವ್ಯಾಧಿ, ಹರಳು ಮುಂತಾದವುಗಳ ಶಸ್ತ್ರಚಿಕಿತ್ಸೆಗೆ ಅನೇಕ ಪಾಲಿಸಿಗಳಲ್ಲಿ ಎರಡು ವರ್ಷ ಕಾಯಬೇಕು. ಮೊದಲೇ ಇದ್ದ ಕಾಯಿಲೆಗೆ, ಅಂದರೆ ಸಕ್ಕರೆ, ಬಿಪಿ, ಎದೆನೋವಿಗೆ ಕಂಪನಿ ಗರಿಷ್ಠ ಮೂರು ವರ್ಷ ಕಾಯಿಸಬಹುದು. 2024ರ ಏಪ್ರಿಲ್‌ಗೆ ಮುಂಚೆ ಅದು ನಾಲ್ಕು ವರ್ಷವಿತ್ತು.

ಮೊದಲ 30 ದಿನದ ಆ ಷರತ್ತಿರುವ 90 ದಿನದ ಪಾಲಿಸಿ ಕೊಂಡರೆ ಕಾಯಿಲೆಗೆ ಸಿಗುವ ರಕ್ಷಣೆ 60 ದಿನದ್ದು. ಒಂದು ತಿಂಗಳಿಗೆಂದು ಕೊಂಡರೆ ಕಾಯಿಲೆಗೆ ಏನೂ ಇಲ್ಲ. ಹಳೆಯ ಸಕ್ಕರೆ ಕಾಯಿಲೆಗೆ ಮೂರು ತಿಂಗಳ ಪಾಲಿಸಿಯನ್ನು ಹತ್ತು ಸಲ ಹೊಸದಾಗಿ ಕೊಂಡರೂ ಪ್ರಯೋಜನವಿಲ್ಲ, ಪ್ರತಿ ಸಲ ಎಣಿಕೆ ಒಂದರಿಂದ ಶುರು. ಅದೇ ಒಂದು ವರ್ಷದ ಪಾಲಿಸಿಯನ್ನು ತಪ್ಪದೆ ನವೀಕರಿಸುತ್ತ ಹೋದರೆ ಕಾದ ದಿನಗಳು ಖಾತೆಯಲ್ಲಿ ಉಳಿಯುತ್ತವೆ. ಕಂಪನಿ ಬದಲಿಸಿದರೂ ಅವನ್ನು ಜೊತೆಗೆ ಒಯ್ಯಬಹುದು.

[ಬಾಕ್ಸ್] ವರ್ಷದ ಪಾಲಿಸಿಯನ್ನು ಅರ್ಧಕ್ಕೆ ನಿಲ್ಲಿಸಬಹುದೇ?
ಹೌದು. ಪ್ರಾಧಿಕಾರ 2024ರಲ್ಲಿ ತಂದ ನಿಯಮದಂತೆ ಏಳು ದಿನದ ನೋಟಿಸ್ ಕೊಟ್ಟು ಪಾಲಿಸಿ ರದ್ದು ಮಾಡಬಹುದು. ಕ್ಲೇಮು ಮಾಡಿರದಿದ್ದರೆ ಉಳಿದ ದಿನಗಳ ಪಾಲಿನ ಕಂತು ವಾಪಸ್ ಬರುತ್ತದೆ. ಕೊಂಡ ಮೇಲೆ ಓದಿ, ಒಪ್ಪಿಗೆಯಾಗದಿದ್ದರೆ ಮರಳಿಸಲು 30 ದಿನ ಸಮಯವಿದೆ. ಕಂತನ್ನು ತಿಂಗಳು ತಿಂಗಳು ಕಟ್ಟುವ ಅನುಕೂಲವೂ ಹಲವು ಪಾಲಿಸಿಗಳಲ್ಲಿದೆ. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ 18ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಇಲ್ಲ.

ಈ ಬಾಕ್ಸಿನ ಮೊದಲ ಸಾಲು ಓದಿದವರಿಗೆ ಅರ್ಧ ಉತ್ತರ ಸಿಕ್ಕಂತೆ. ನಾಲ್ಕು ತಿಂಗಳಿಗೆ ಬೇಕೆನಿಸಿದರೂ ವರ್ಷದ್ದನ್ನೇ ಕೊಂಡು, ಬೇಡವಾದಾಗ ನಿಲ್ಲಿಸಬಹುದು. ಮುಂದುವರಿಸುವ ಮನಸ್ಸಾದರೆ ಕಾದ ದಿನಗಳೂ ಉಳಿಯುತ್ತವೆ. ಶೆಡ್ಡು ಹಾಕುವ ಬದಲು ಪಾಯ ತೆಗೆದಂತೆ.

ಕೊಳ್ಳುವ ಮೊದಲು ಕವರು ಬಿಚ್ಚಿ

ಅಂಗಿಯೊಳಗಿನ ಆ ಪ್ಲಾಸ್ಟಿಕ್ ಕವರಿಗೆ ಬರೋಣ. ರಾಜ್ಯ ಸರ್ಕಾರ 2018ರ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕ ಯೋಜನೆ ತಂದಿತು. ಅದೇ ವರ್ಷ ಅಕ್ಟೋಬರ್ 30ರಂದು ಕೇಂದ್ರದ ಆಯುಷ್ಮಾನ್ ಭಾರತ್ ಅದರ ಜೊತೆ ಕೂಡಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಕಂತಿಲ್ಲ. ಹಳೆಯ ಕಾಯಿಲೆ ಎಂಬ ತಕರಾರೂ ಇಲ್ಲ.

ಬಿಪಿಎಲ್ ಕಾರ್ಡಿರುವ ಮನೆಯವರು ಊರಲ್ಲೇ ಇರುವಷ್ಟು ದಿನ ಖಾಸಗಿ ತಾತ್ಕಾಲಿಕ ವಿಮೆಗೆ ರೊಕ್ಕ ಹಾಕುವುದು ಇದ್ದ ಕೊಡೆಯನ್ನು ಮನೆಯಲ್ಲಿಟ್ಟು ಬಾಡಿಗೆ ಕೊಡೆ ತಂದಂತೆ. ದಾರಿ ಮಾತ್ರ ತಿಳಿದಿರಬೇಕು. ತುರ್ತಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ದವಾಖಾನೆ. ರೋಣದ ತಾಲ್ಲೂಕು ಆಸ್ಪತ್ರೆಯಲ್ಲೋ ಗದಗದ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲೋ ಆಗದ್ದಕ್ಕೆ ಅಲ್ಲಿಂದ ಶಿಫಾರಸು ಪತ್ರ ಪಡೆದು ಮುಂದಿನ ಆಸ್ಪತ್ರೆಗೆ ಹೋಗಬೇಕು. ತುರ್ತು ಎಂದು ಗುರುತಿಸಿದ ಚಿಕಿತ್ಸೆಗಳಿಗೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ಪತ್ರವಿಲ್ಲದೆ ನೇರ ಹುಬ್ಬಳ್ಳಿಗೋ ಬಾಗಲಕೋಟೆಗೋ ಓಡಿ, ಕಾರ್ಡು ನಡೆಯಲಿಲ್ಲ ಎಂದು ಮರಳಿದವರ ಗೋಳು ಪ್ರತಿ ಹಳ್ಳಿಯಲ್ಲಿದೆ. ಇಂಥ ಮನೆಗೆ ಹೊಸ ಪಾಲಿಸಿಗಿಂತ ಒಂದು ಸರಿಯಾದ ಮಾಹಿತಿ ಹೆಚ್ಚು ಉಪಕಾರಿ.

ಗಡಿ ದಾಟಿದರೆ ಚಿತ್ರ ಬದಲಾಗುತ್ತದೆ. ಆಯುಷ್ಮಾನ್ ಭಾರತದ ರಾಷ್ಟ್ರೀಯ ಪಟ್ಟಿಯಲ್ಲಿರುವ ಕುಟುಂಬ ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ಚಿಕಿತ್ಸೆ ಪಡೆಯಬಹುದು. ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿರುವುದು ಸುಮಾರು 62 ಲಕ್ಷ ಕುಟುಂಬ. ಉಳಿದ ರೇಷನ್ ಕಾರ್ಡುದಾರರನ್ನು ರಾಜ್ಯವೇ ಸೇರಿಸಿಕೊಂಡಿದೆ; ಅವರ ಕಾರ್ಡು ಹೊರರಾಜ್ಯದಲ್ಲಿ ನಡೆದೇ ನಡೆಯುತ್ತದೆ ಎಂದು ನಂಬಿ ಕೂರುವಂತಿಲ್ಲ. ನೋಡಲು ಕಾರ್ಡು ಒಂದೇ ಥರ. ತಾನು ಯಾವ ಪಟ್ಟಿಯವನು ಎಂಬುದು ಹೊರಡುವ ಮೊದಲೇ ಗೊತ್ತಿರಬೇಕು.

ಗೋವಾಕ್ಕೆ ಹೋಗುವವರು ಇದನ್ನು ಎರಡು ಸಲ ಓದಲಿ. ಅಲ್ಲಿನ ಸರ್ಕಾರದ ದೀನದಯಾಳ್ ಸ್ವಾಸ್ಥ್ಯ ಸೇವಾ ಯೋಜನೆ 2016ರಿಂದ ಇದೆ, ಆದರೆ ಐದು ವರ್ಷ ಅಲ್ಲಿ ವಾಸವಿದ್ದವರಿಗೆ. ಬಾಂಬೋಲಿಮ್‌ನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಹೊರರಾಜ್ಯದವರಿಂದ ಶುಲ್ಕ ಪಡೆಯುವ ಪದ್ಧತಿ 2018ರ ಜನವರಿಯಲ್ಲಿ ಬಂತು. ಗೋವಾದ ಎಷ್ಟೋ ಕಟ್ಟಡಗಳಿಗೆ ಕಲ್ಲು ಹೊತ್ತವರು ನಮ್ಮ ಗದಗ, ಬಾಗಲಕೋಟೆ, ವಿಜಯಪುರದ ಜನ. ಅದೇ ಊರಲ್ಲಿ ಜ್ವರ ಬಂದಾಗ ಅವರು ಹೊರಗಿನವರಾಗುತ್ತಾರೆ. ಇದು ನನಗೆ ನೋವಿನ ಸಂಗತಿ. ಕೂಲಿಯವನ ಜೊತೆ ಅವನ ಆರೋಗ್ಯ ರಕ್ಷಣೆಯೂ ರೈಲು ಹತ್ತಿ ಹೋಗುವಂತಾಗಬೇಕು.

ಕಣಗಿನಹಾಳದ ಪಾಠ

1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಸಾಲಕ್ಕೆಂದು ಹುಟ್ಟಿದ ಈ ಸಹಕಾರದ ಬಳ್ಳಿ ಸುಮಾರು ನೂರು ವರ್ಷಕ್ಕೆ ಆರೋಗ್ಯಕ್ಕೂ ಹಬ್ಬಿತು. 2003ರ ಜೂನ್ 1ರಿಂದ ಜಾರಿಗೆ ಬಂದ ಯಶಸ್ವಿನಿ ಯೋಜನೆ ಸಹಕಾರ ಸಂಘದ ಸದಸ್ಯ ರೈತರಿಗೆ ತಲೆಗೆ ವರ್ಷಕ್ಕೆ 60 ರೂಪಾಯಿ ಕಂತಿನಲ್ಲಿ ಶಸ್ತ್ರಚಿಕಿತ್ಸೆಯ ಭರವಸೆ ಕೊಟ್ಟಿತು. ಹೃದ್ರೋಗ ತಜ್ಞ ಡಾ. ದೇವಿ ಶೆಟ್ಟಿ ಇದರ ಹಿಂದಿದ್ದರು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು.

ಯಶಸ್ವಿನಿಯೂ ವರ್ಷದ ಲೆಕ್ಕದ್ದು. ನೋಂದಣಿಗೆ ಕೆಲವು ವಾರ ಬಾಗಿಲು ತೆರೆಯುತ್ತದೆ, ಸೊಸೈಟಿಯಲ್ಲಿ ರೊಕ್ಕ ಕಟ್ಟಿದವರು ಒಳಗೆ, ಮರೆತವರು ಮುಂದಿನ ವರ್ಷದವರೆಗೆ ಹೊರಗೆ. 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ವಿಲೀನವಾಗಿ ನಿಂತುಹೋದ ಯೋಜನೆ ಮತ್ತೆ ಚಿಕಿತ್ಸೆ ಕೊಡಲು ಶುರು ಮಾಡಿದ್ದು 2023ರ ಜನವರಿ 1ರಿಂದ. ನಡುವೆ ನಾಲ್ಕೂವರೆ ವರ್ಷದ ಸಂದು. ಎಪಿಎಲ್ ಕಾರ್ಡಿನ ರೈತ ಆ ಸಂದಿನಲ್ಲಿ ಶೇ 30ರ ನೆರವಿನ ಮೇಲೆ ನಿಂತ. ಕೊರೊನಾ ಬಂದದ್ದೂ ಅದೇ ಸಂದಿನಲ್ಲಿ.

ಮರುಜಾರಿಯಾದ ಯೋಜನೆಯಲ್ಲಿ ಗ್ರಾಮೀಣ ಭಾಗದ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ನಿಗದಿಯಾಯಿತು, ಹೆಚ್ಚಿನ ಪ್ರತಿ ಸದಸ್ಯರಿಗೆ 100. ಚಿಕಿತ್ಸೆಯ ಮಿತಿ ಕುಟುಂಬಕ್ಕೆ 5 ಲಕ್ಷ. ಹೊಲವಿದ್ದು, ಸೊಸೈಟಿಯಲ್ಲಿ ಷೇರಿದ್ದು, ಬಿಪಿಎಲ್ ಕಾರ್ಡು ಇಲ್ಲದ ಮನೆಗೆ ಇದಕ್ಕಿಂತ ಅಗ್ಗದ ಆಸರೆ ನನಗೆ ಕಂಡಿಲ್ಲ. ಮೂರು ತಿಂಗಳ ಖಾಸಗಿ ಪಾಲಿಸಿಯ ವಿಚಾರಣೆಗೆ ಫೋನು ಎತ್ತುವ ಮೊದಲು ಸೊಸೈಟಿಯ ಸೆಕ್ರೆಟರಿಯನ್ನು ಒಂದು ಮಾತು ಕೇಳಿ: ಈ ಸಲದ ನೋಂದಣಿ ಯಾವಾಗ?

ಒಂದು ಮನೆ, ಐದು ಉತ್ತರ

ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಹೊಳೆಮಣ್ಣೂರಿನಲ್ಲಿ ಸಕ್ಕರೆ ಕಾಯಿಲೆಯ ಅಜ್ಜಿ. ಗೋವಾಕ್ಕೆ ಹೊರಟ ದೊಡ್ಡ ಮಗ. ಬಸುರಿ ಸೊಸೆ. ಬೆಂಗಳೂರಿನ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸ ಬಿಟ್ಟು ಬೇರೆ ಹುಡುಕುತ್ತಿರುವ ನಡುವಿನವನು. ಡಿಗ್ರಿ ಮುಗಿಸಿ ಕಂಪನಿ ಸೇರಿ, ಈಗ ಇನ್ನೊಂದು ಕಂಪನಿಗೆ ಹಾರಲಿರುವ ಕಿರಿಯವನು. ಬಿಪಿಎಲ್ ಕಾರ್ಡು ಇದೆ.

ಅಜ್ಜಿಗೆ ತಾತ್ಕಾಲಿಕ ವಿಮೆ ಬೇಡವೇ ಬೇಡ. ಅವಳಿಗೆ ಬೇಕಾದ ಚಿಕಿತ್ಸೆಯನ್ನೇ ಅದು ‘ಮೊದಲೇ ಇದ್ದ ಕಾಯಿಲೆ’ ಎಂದು ಹೊರಗಿಡುತ್ತದೆ. ಅವಳ ಹೆಸರು ರೇಷನ್ ಕಾರ್ಡಿನಲ್ಲಿ ಸರಿಯಾಗಿದೆಯೇ, ಆಧಾರ್ ಜೋಡಣೆಯಾಗಿದೆಯೇ ಎಂದು ನೋಡುವುದೇ ಅವಳ ವಿಮೆ.

ಸೊಸೆಗೂ ಬೇಡ. ಹೆರಿಗೆ ಖರ್ಚು ಕೊಡುವ ಪಾಲಿಸಿಗಳಲ್ಲಿ ಒಂಬತ್ತು ತಿಂಗಳಿಂದ ಹಿಡಿದು ಕೆಲವು ವರ್ಷಗಳವರೆಗೆ ಕಾಯಬೇಕು. ಬಸುರಾದ ಮೇಲೆ ಕೊಂಡ ಪಾಲಿಸಿ ಆ ಹೆರಿಗೆಗೆ ಆಗುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಹೆರಿಗೆ, ಸಿಸೇರಿಯನ್, ಔಷಧ, ಮನೆಗೆ ಬಿಡುವ ವಾಹನ ಎಲ್ಲವೂ ಉಚಿತ. ದಿನ ತುಂಬುವ ಹೊತ್ತಿಗೆ ಅವಳು ಗೋವಾದ ಶೆಡ್ಡಿನಲ್ಲಿ ಇರದೆ ರೋಣದ ಆಸ್ಪತ್ರೆಗೆ ಹತ್ತಿರ ಇರುವುದು ಯಾವ ಪಾಲಿಸಿಗಿಂತ ದೊಡ್ಡದು.

ದೊಡ್ಡ ಮಗನ ವಿಷಯ ಕಠಿಣ. ಅವನಿಗೆ ದೊಡ್ಡ ಅಪಾಯ ಜ್ವರದ್ದಲ್ಲ, ಸಾರುವೆಯ ಮೇಲಿನ ಕಾಲಿನದ್ದು. ಅಪಘಾತಕ್ಕೆ ಕಾಯುವ ಅವಧಿ ಇಲ್ಲವಾದ್ದರಿಂದ ಅವನಿಗೆ ಅಲ್ಪಾವಧಿ ಪಾಲಿಸಿಯೂ ಒಂದಿಷ್ಟು ಉಪಯೋಗಕ್ಕೆ ಬಂದೀತು. ಆದರೂ ಮೊದಲು ಆಯುಷ್ಮಾನ್ ಕಾರ್ಡು ಗೋವಾದಲ್ಲಿ ನಡೆಯುತ್ತದೆಯೇ ಎಂದು ಖಚಿತ ಮಾಡಿಕೊಳ್ಳಲಿ. ಆಮೇಲೆ ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ: ವರ್ಷಕ್ಕೆ 20 ರೂಪಾಯಿ, ಅಪಘಾತದ ಸಾವಿಗೆ ಅಥವಾ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ. ಇದು ಆಸ್ಪತ್ರೆಯ ಬಿಲ್ಲು ಕಟ್ಟುವುದಿಲ್ಲ ಎಂಬುದನ್ನು ಮರೆಯಬಾರದು. ಜೂನ್ 1ರಿಂದ ಮೇ 31 ಇದರ ವರ್ಷ; ಮೇ ಕೊನೆಯಲ್ಲಿ ಖಾತೆಯಲ್ಲಿ 20 ರೂಪಾಯಿ ಇಲ್ಲದಿದ್ದರೆ ವಿಮೆ ಸದ್ದಿಲ್ಲದೆ ನಿಲ್ಲುತ್ತದೆ. ಕಾರ್ಡು ಅಲ್ಲಿ ನಡೆಯದು ಎಂದು ತಿಳಿದರೆ ವರ್ಷದ ಆರೋಗ್ಯ ಪಾಲಿಸಿ ಕೊಳ್ಳುವುದೇ ಮೇಲು. ಅವನು ಪ್ರತಿ ವರ್ಷ ಹೋಗುವವನು. ಪ್ರತಿ ವರ್ಷ ಬರುವ ಸಂದನ್ನು ತಾತ್ಕಾಲಿಕ ಎನ್ನುವುದು ಹೇಗೆ?

ನಡುವಿನವನು ತನ್ನ ಜೇಬಿನಲ್ಲಿ ಏನಿದೆ ಎಂದು ತಿಳಿಯದವನು. ಫ್ಯಾಕ್ಟರಿಯಲ್ಲಿ ಸಂಬಳದ ಶೇ 0.75 ನೌಕರರ ರಾಜ್ಯ ವಿಮೆಗೆ (ಇಎಸ್‌ಐ) ಕಡಿತವಾಗುತ್ತಿತ್ತು, ಮಾಲೀಕ ಶೇ 3.25 ಕಟ್ಟುತ್ತಿದ್ದ. ಕೆಲಸ ಬಿಟ್ಟ ಮರುದಿನವೇ ಇಎಸ್‌ಐ ಮುಗಿಯಿತು ಎಂದು ಎಲ್ಲರಂತೆ ಇವನೂ ತಿಳಿದಿದ್ದಾನೆ. ಹಾಗಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಆರು ತಿಂಗಳಲ್ಲಿ 78 ದಿನದ ವಂತಿಗೆ ಕಟ್ಟಿದ್ದರೆ ಮುಂದಿನ ಜನವರಿಯಿಂದ ಜೂನ್ 30ರವರೆಗೆ ವೈದ್ಯಕೀಯ ಸೌಲಭ್ಯದ ಹಕ್ಕಿದೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕಟ್ಟಿದ್ದರೆ ಜುಲೈನಿಂದ ಡಿಸೆಂಬರ್ 31ರವರೆಗೆ. ಯಾವ ತಿಂಗಳಲ್ಲಿ ಬಿಟ್ಟ ಎಂದು ಬೆರಳು ಮಡಚಿ ಎಣಿಸಿದರೆ ಅವನ ಸಂದು ಬಹುಶಃ ಆಗಲೇ ಮುಚ್ಚಿದೆ.

ಕಿರಿಯವನಿಗೆ ಹಳೆಯ ಕಂಪನಿಯ ಗುಂಪು ವಿಮೆ ಕೊನೆಯ ದಿನಕ್ಕೆ ಮುಗಿಯುತ್ತದೆ, ಹೊಸ ಕಂಪನಿ ಸೇರಲು 45 ದಿನ ಇದೆ. ತಾತ್ಕಾಲಿಕ ವಿಮೆಗೆ ಹೇಳಿ ಮಾಡಿಸಿದಂಥ ಪ್ರಸಂಗ ಅನಿಸುತ್ತದೆ. ಕೆಲಸ ಬಿಟ್ಟ ಮೇಲೆ ಕೊಂಡರೆ 45ರಲ್ಲಿ 30 ದಿನ ಕಾಯುವುದರಲ್ಲೇ ಹೋಯಿತು. ರಾಜೀನಾಮೆ ಕೊಟ್ಟ ದಿನವೇ ವರ್ಷದ ಪಾಲಿಸಿ ಕೊಂಡರೆ ನೋಟಿಸ್ ಅವಧಿ ಮುಗಿಯುವಷ್ಟರಲ್ಲಿ ಆ 30 ದಿನ ಕಳೆದಿರುತ್ತದೆ. ಇಲ್ಲವೇ ಗುಂಪು ವಿಮೆ ಕೊಟ್ಟ ಕಂಪನಿಯಲ್ಲೇ ವೈಯಕ್ತಿಕ ಪಾಲಿಸಿಗೆ ವರ್ಗವಾಗುವ ಅವಕಾಶ ಕೇಳಬಹುದು. ಎರಡನ್ನೂ ಕೆಲಸದಲ್ಲಿ ಇರುವಾಗಲೇ ಮಾಡಬೇಕು.

[ಬಾಕ್ಸ್] ರೈಲಿನ ಟಿಕೆಟ್ಟಿಗೂ ಒಂದು ವಿಮೆ
ಆನ್‌ಲೈನ್‌ನಲ್ಲಿ ಮುಂಗಡ ಟಿಕೆಟ್ ತೆಗೆಯುವಾಗ 45 ಪೈಸೆಗೆ ಪ್ರಯಾಣ ವಿಮೆ ಕೊಳ್ಳಬಹುದು. ರೈಲು ಅಪಘಾತದಲ್ಲಿ ಸಾವಾದರೆ 10 ಲಕ್ಷ, ಗಾಯಕ್ಕೆ ಆಸ್ಪತ್ರೆ ಖರ್ಚು 2 ಲಕ್ಷದವರೆಗೆ. ರೈಲು ಇಳಿದರೆ ವಿಮೆ ಮುಗಿಯಿತು. ಕೌಂಟರಿನಲ್ಲಿ ಜನರಲ್ ಬೋಗಿಯ ಟಿಕೆಟ್ ಕೊಂಡವರಿಗೆ ಇದು ಇಲ್ಲ.

ಮಗನ ಮನೆ ಅಮೆರಿಕದಲ್ಲಿದ್ದರೆ

ತಾತ್ಕಾಲಿಕ ವಿಮೆ ಖಂಡಿತ ಬೇಕೇಬೇಕಾದ ಒಂದು ಜಾಗವಿದೆ, ವಿದೇಶ ಪ್ರಯಾಣ. ಮೊಮ್ಮಗುವನ್ನು ನೋಡಲು ಆರು ತಿಂಗಳು ಹೊರಟ ಅಪ್ಪ–ಅವ್ವನ ಸಂದಿನ ಎರಡೂ ತುದಿ ವಿಮಾನದ ಟಿಕೆಟ್ಟಿನಲ್ಲೇ ಅಚ್ಚಾಗಿದೆ. ಇಲ್ಲಿನ ಕಾರ್ಡು ಅಲ್ಲಿ ನಡೆಯದು. ಯುರೋಪಿನ ಷೆಂಗೆನ್ ದೇಶಗಳಂತೂ 30,000 ಯೂರೊ ವೈದ್ಯಕೀಯ ವಿಮೆ ಇಲ್ಲದೆ ಅಲ್ಪಾವಧಿ ವೀಸಾ ಕೊಡುವುದಿಲ್ಲ. ಇಲ್ಲಿ ಜಿಪುಣತನ ಬೇಡ. ಹಳೆಯ ಕಾಯಿಲೆ ಏಕಾಏಕಿ ಉಲ್ಬಣಿಸಿದರೆ ಎಷ್ಟು ಕೊಡುತ್ತೀರಿ ಎಂಬ ಒಂದು ಪ್ರಶ್ನೆಯನ್ನು ಮಾತ್ರ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಅಮೆರಿಕದ ಜನರೂ ತಮ್ಮೊಳಗೆ ಇದೇ ಚರ್ಚೆಯಲ್ಲಿದ್ದಾರೆ. ಅಲ್ಲಿನ ಅಲ್ಪಾವಧಿ ಆರೋಗ್ಯ ವಿಮೆಯನ್ನು 2018ರಲ್ಲಿ ಒಂದು ವರ್ಷದೊಳಗಿನ ಅವಧಿಗೆ, ನವೀಕರಣ ಸೇರಿ ಮೂರು ವರ್ಷದವರೆಗೆ ಹಿಗ್ಗಿಸಲಾಯಿತು. 2024ರ ನಿಯಮ ಅದನ್ನು ಮೂರು ತಿಂಗಳಿಗೆ, ನವೀಕರಣ ಸೇರಿ ನಾಲ್ಕಕ್ಕೆ ಇಳಿಸಿತು. 2025ರಲ್ಲಿ ಹೊಸ ಸರ್ಕಾರ ಆ ನಿಯಮದ ಜಾರಿಗೆ ಆದ್ಯತೆ ಇಲ್ಲ ಎಂದಿತು. ಅಲ್ಲಿಯೂ ಈ ಪಾಲಿಸಿಗಳು ಹಳೆಯ ಕಾಯಿಲೆಯನ್ನು ಹೊರಗಿಡಬಹುದು. ಶ್ರೀಮಂತ ದೇಶದಲ್ಲೂ ತಗಡು ತಗಡೇ.

ಬಚ್ಚಿಡಬೇಡಿ

ಏನೇ ಕೊಳ್ಳಿ, ಅರ್ಜಿಯಲ್ಲಿ ಸತ್ಯ ಬರೆಯಿರಿ. “ಸಕ್ಕರಿ ಐತಿ ಅಂದ್ರ ಪಾಲಿಸಿ ಸಿಗೂದಿಲ್ಲ, ಬರೀಬ್ಯಾಡ್ರಿ” ಎಂದು ಹೇಳುವ ಏಜೆಂಟ್ ಕ್ಲೇಮಿನ ದಿನ ನಿಮ್ಮ ಪಕ್ಕದಲ್ಲಿ ನಿಲ್ಲುವುದಿಲ್ಲ. ಐದು ವರ್ಷ ಸತತ ನವೀಕರಿಸಿದ ಪಾಲಿಸಿಯ ಕ್ಲೇಮನ್ನು, ಸಾಬೀತಾದ ವಂಚನೆ ಇಲ್ಲದಿದ್ದರೆ, ಕಾಯಿಲೆ ಹೇಳಿರಲಿಲ್ಲ ಎಂಬ ಕಾರಣಕ್ಕೆ ತಿರಸ್ಕರಿಸುವಂತಿಲ್ಲ. ಮೂರು ತಿಂಗಳ ಪಾಲಿಸಿಗೆ ಆ ಐದು ವರ್ಷ ಎಂದಿಗೂ ತುಂಬುವುದಿಲ್ಲ.

[ಬಾಕ್ಸ್] ಕವರಿನಲ್ಲಿ ಇರಬೇಕಾದ ನಂಬರುಗಳು
ಆಯುಷ್ಮಾನ್ ಕಾರ್ಡಿನ ವಿಚಾರಣೆಗೆ 14555. ರಾಜ್ಯದ ಆರೋಗ್ಯ ಸಹಾಯವಾಣಿ 104. ಆಂಬುಲೆನ್ಸ್ 108. ವಿಮಾ ಕಂಪನಿಯ ವಿರುದ್ಧ ದೂರಿಗೆ ಪ್ರಾಧಿಕಾರದ 155255. ಅಲ್ಲಿಯೂ ಬಗೆಹರಿಯದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿ. ದೂರು ಕೊಡಲು ಶುಲ್ಕವಿಲ್ಲ, ವಕೀಲರೂ ಬೇಡ.

ಯುಗಾದಿ ಮಾಡಿಕೊಂಡು ಊರು ಬಿಡುವವರಲ್ಲಿ ಒಂದು ಬಿನ್ನಹ. ಚೀಲ ಕಟ್ಟುವ ಮೊದಲು 14555ಕ್ಕೆ ಕರೆ ಮಾಡಿ, ಹೋಗುವ ಊರಿನಲ್ಲಿ ನಿಮ್ಮ ಕಾರ್ಡು ನಡೆಯುವ ಆಸ್ಪತ್ರೆಯ ಹೆಸರು ಕೇಳಿ, ಚೀಟಿಯಲ್ಲಿ ಬರೆದು ಆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಳ್ಳಿ. ಯಾವುದೇ ಪಾಲಿಸಿ ಕೊಂಡಿದ್ದರೆ ಅದು ಮುಗಿಯುವ ತಾರೀಖನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಹೊಸ್ತಿಲಲ್ಲಿ ನಿಂತ ಅವ್ವನಿಗೂ ಹೇಳಿ ಹೋಗಿ.